ಎರ್ಬಿಯಂ-168 ಲೆಕ್ಕ ಅರ್ಧಕ್ಕರ್ಧ ತಪ್ಪಿ ಬರ್ತಿದೆ, ಎಲ್ಲಿ ಎಡವಿದೆ?

ಕಾಳಿ_ಕಿನಾರೆ (ಕಾರವಾರ)
ಎಂ.ಎಸ್ಸಿ. ಎರಡನೇ ವರ್ಷದವರಿಗೆ ಪಾಠದ ಟಿಪ್ಪಣಿ ಮಾಡ್ತಾ ಇದ್ದೇನೆ, ಒಂದು ಕಡೆ ಲೆಕ್ಕ ಕೂಡ್ತಾ ಇಲ್ಲ. ಎರ್ಬಿಯಂ-168 ನ್ಯೂಕ್ಲಿಯಸ್‌ನ ಶಕ್ತಿಮಟ್ಟಗಳು ಹೀಗಿವೆ (ಅಂಕೆ ಅಂದ್ರೆ ಸ್ಪಿನ್ ಜೆ; + ಅಥವಾ - ಅಂದ್ರೆ ಪ್ಯಾರಿಟಿ, ಬಿಂಬ ತಿರುವಿದಾಗ ತರಂಗದ ಚಿಹ್ನೆ ಉಳೀತದೋ ಬದಲಾಗ್ತದೋ ಅನ್ನೋದು): 0+ ತಳದಲ್ಲಿ, 2+ 79.8, 4+ 264.1, 6+ 548.7, 8+ 928.3. ಎಲ್ಲವೂ ಕಿಲೋ ಎಲೆಕ್ಟ್ರಾನ್ ವೋಲ್ಟ್, ಇನ್ನು ಮುಂದೆ ಕೆಇವಿ ಅಂತಲೇ ಬರೀತೇನೆ. ತಿರುಗುವ ನ್ಯೂಕ್ಲಿಯಸ್‌ನ ಸೂತ್ರ: ಶಕ್ತಿ = ಎ × ಜೆ(ಜೆ+1). ಇಲ್ಲಿ ಎ ಅಂದ್ರೆ ಹೆಚ್-ಬಾರ್ ವರ್ಗ ಭಾಗಿಸು 2ಐ. ಐ ಅಂದ್ರೆ ಮೊಮೆಂಟ್ ಆಫ್ ಇನರ್ಷಿಯಾ, ತಿರುಗಾಟಕ್ಕೆ ಕಾಯ ಒಡ್ಡೋ ಜಡತ್ವ. 2+ ಮಟ್ಟದಿಂದ ಎ = 79.8/6 = 13.3.

ಮೂರು ತಕರಾರು. ಒಂದು, ಇದೇ 13.3 ಹಿಡಿದು ಮೇಲೆ ಹತ್ತಿದ್ರೆ 266.0, 558.6, 957.6 ಬರಬೇಕು. ಅಳತೆಯಲ್ಲಿ ಸಿಕ್ಕಿದ್ದು ಪ್ರತಿ ಮೆಟ್ಟಿಲಿಗೂ ಇನ್ನಷ್ಟು ಕೆಳಗೆ ಜಾರ್ತಾ ಹೋಗಿದೆ. ಎರಡು, 1, 3, 5 ಎಲ್ಲಿ ಹೋದವು? ಮೂರನೇದು ದೊಡ್ಡದು: ನ್ಯೂಕ್ಲಿಯಸ್ ಗಟ್ಟಿ ಗುಂಡು ಅಂತ ಹಿಡಿದು ಮೊಮೆಂಟ್ ಆಫ್ ಇನರ್ಷಿಯಾ ಹಾಕಿದ್ರೆ ಎ = 7.0. ಉದ್ದುರುಟು ಆಕಾರದ ತಿದ್ದುಪಡಿ ಸೇರಿಸಿದ್ರೆ 6.4. ಅಳತೆ ನೋಡಿದ್ರೆ 13.3. ಎಲ್ಲೋ ಒಂದು 2 ಬಿಟ್ಟಿದ್ದೇನಾ?

ದೇವಬಾಗ
ಅರ್ಧಕ್ಕರ್ಧ ಅಂದ್ರೆ ಛೇದದಲ್ಲಿರೋ 2 ಕೈಬಿಟ್ಟದ್ದೇ ಮಾರಾಯ್ರೇ. ಕಣ್ಣು ಮುಚ್ಚಿ ಹೇಳಬಹುದು.

ಸಿಪ್ಪೆಗೋಟು (ಶಿರಸಿ)
@ದೇವಬಾಗ ಕಣ್ಣು ತೆಗೆದು ನೋಡಿ. 2 ಬಿಟ್ಟಿದ್ರೆ 14 ಬರ್ತಿತ್ತು, ಅಳತೆಗೆ ಹತ್ತಿರ! ಪರೀಕ್ಷೆಯಲ್ಲಿ ಹುಡುಗರು ಮಾಡೋದು ಅದೇ. 2 ಬಿಟ್ಟು 14 ತಂದು "ಪ್ರಯೋಗಕ್ಕೆ ಹೊಂದ್ತದೆ" ಅಂತ ಬರೀತಾರೆ. ತಪ್ಪು ಲೆಕ್ಕ ಸರಿ ಉತ್ತರದ ಹತ್ತಿರ ಬಂದು ಕೂತ್ಕೊಳ್ಳೋ ಜಾಗ ಇದು, ಟಿಪ್ಪಣಿಯಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ.

ಮೇಷ್ಟ್ರ ಲೆಕ್ಕ ಸರಿಯಿದೆ. ಹೆಚ್-ಬಾರ್ ವರ್ಗವನ್ನು ನ್ಯೂಕ್ಲಿಯಾನ್ ತೂಕದಿಂದ ಭಾಗಿಸಿದ್ರೆ 41.47 (ಎಂಇವಿ × ಫರ್ಮಿ ವರ್ಗ; ಎಂಇವಿ ಅಂದ್ರೆ ಸಾವಿರ ಕೆಇವಿ, ಫರ್ಮಿ ಅಂದ್ರೆ 10ರ ಮೈನಸ್ 15ನೇ ಘಾತ ಮೀಟರ್). ತ್ರಿಜ್ಯ 1.2 × 168ರ ಘನಮೂಲ = 6.62 ಫರ್ಮಿ, ವರ್ಗ 43.85. 0.4 × 168 × 43.85 = 2947. ಈಗ 41.47/(2 × 2947) = 0.00704 ಎಂಇವಿ, ಅಂದ್ರೆ 7.0 ಕೆಇವಿ. ಆಕಾರ ಎಷ್ಟು ವಿರೂಪ ಅಂತ ಹೇಳೋ ಬೀಟಾ 0.33 ಇಟ್ಟು (1 + 0.31 ಬೀಟಾ) ಅಂದ್ರೆ 1.10ರಿಂದ ಭಾಗಿಸಿದ್ರೆ 6.4. ಎಡವಿದ್ದು ನೀವಲ್ಲ, "ಗಟ್ಟಿ ಗುಂಡು" ಅನ್ನೋ ಊಹೆ.

ಇಶಾಡ್ (ಅಂಕೋಲಾ)
1.2 ಅನ್ನೋದೇ ಅಂದಾಜಿನ ಸಂಖ್ಯೆಯಲ್ಲವಾ? 1.25 ಹಾಕಿ ನೋಡಿ.

ಸಿಪ್ಪೆಗೋಟು
ಹಾಕಿದ್ರೆ ಗುಂಡು ಇನ್ನೂ ದೊಡ್ಡದಾಗ್ತದೆ, ಎ ಇನ್ನೂ ಕಮ್ಮಿಯಾಗಿ ಅಳತೆಯಿಂದ ದೂರ ಓಡ್ತದೆ. 13.3 ಬರಬೇಕು ಅಂದ್ರೆ ತ್ರಿಜ್ಯ 4.6 ಫರ್ಮಿಗೆ ಇಳೀಬೇಕು. ಎಲೆಕ್ಟ್ರಾನ್ ಚದುರಿಸಿ ಗಾತ್ರ ಅಳೆದವರು ಯಾರೂ ಒಪ್ಪೋದಿಲ್ಲ.

ಅಘನಾಶಿನಿ (ಕುಮಟಾ)
ಅಡುಗೆಮನೆಯಲ್ಲೇ ಉತ್ತರ ಇದೆ. ಬೇಯಿಸಿದ ಮೊಟ್ಟೆ ಮೇಜಿನ ಮೇಲೆ ತಿರುಗಿಸಿ, ಹಸಿ ಮೊಟ್ಟೆ ತಿರುಗಿಸಿ. ಬೆಂದದ್ದು ಇಡೀ ಒಂದಾಗಿ ಗಿರ್ರನೆ ತಿರುಗ್ತದೆ. ಹಸಿಯದರಲ್ಲಿ ಚಿಪ್ಪು ತಿರುಗಿದ್ರೂ ಒಳಗಿನ ಲೋಳೆ ಜೊತೆಗೆ ಬರೋದಿಲ್ಲ. ನ್ಯೂಕ್ಲಿಯಸ್ಸೂ ಹಾಗೇ. ಒಳಗಿನ ದ್ರವ್ಯ ಪೂರ್ತಿ ತಿರುಗೋದಿಲ್ಲ, ಅದಕ್ಕೇ ಐ ಕಮ್ಮಿ, ಎ ಜಾಸ್ತಿ.

ಬೇಡ್ತಿ (ಯಲ್ಲಾಪುರ)
ಶಿರಸಿ ಭಾವನ ಮುಂದೆ ಮೊಟ್ಟೆ ತಿರುಗಿಸಬೇಡಿ. ಎಳನೀರು ಮತ್ತು ಗಿಟಕು ಅಂತ ಹೇಳಿ, ನಮ್ಮ ಮನೆಗಳಲ್ಲೂ ಪ್ರಯೋಗ ಆಗ್ತದೆ.

ಸಿಪ್ಪೆಗೋಟು
ಎಳನೀರಾದ್ರೂ ಮೊಟ್ಟೆಯಾದ್ರೂ ಹೋಲಿಕೆ ಅರ್ಧ ದಾರಿಗೇ ನಿಲ್ತದೆ. ನ್ಯೂಕ್ಲಿಯಸ್‌ಗೆ ತಿರುಗುವ ಚಿಪ್ಪಿಲ್ಲ. ಪೂರ್ತಿ ಸುಳಿಯಿಲ್ಲದ ದ್ರವ ಅಂತ ಹಿಡಿದ್ರೆ ಆಕಾರ ಮಾತ್ರ ಅಲೆಯ ಹಾಗೆ ಸುತ್ತು ಹೋಗ್ತದೆ, ದ್ರವ ತಾನು ಸುತ್ತೋದಿಲ್ಲ. ಆ ಲೆಕ್ಕ: ಐ = (9/8ಪೈ) × ತೂಕ × ತ್ರಿಜ್ಯದ ವರ್ಗ × ಬೀಟಾ ವರ್ಗ. ಇದೇ ಎರ್ಬಿಯಂಗೆ ಹಾಕಿದ್ರೆ ಗಟ್ಟಿ ಗುಂಡಿನ ಹತ್ತನೇ ಒಂದು ಭಾಗಕ್ಕೂ ತುಸು ಕಮ್ಮಿ. ಅಳತೆ ಹೇಳೋದು 0.48 ಭಾಗ. ಅಂದ್ರೆ ಗಟ್ಟಿಯೂ ಅಲ್ಲ, ಬರೀ ನೀರೂ ಅಲ್ಲ, ನಡುವಿನದು.

ಕಾರಣ ಜೋಡಿ ಕಟ್ಟುವಿಕೆ. ನ್ಯೂಟ್ರಾನ್ ನ್ಯೂಟ್ರಾನ್ ಜೊತೆ, ಪ್ರೋಟಾನ್ ಪ್ರೋಟಾನ್ ಜೊತೆ ಎದುರುಬದುರು ಸ್ಪಿನ್ ಇಟ್ಟು ಜೋಡಿಯಾಗಿ ಕೂತಿರ್ತವೆ, ಅತಿವಾಹಕದ ಎಲೆಕ್ಟ್ರಾನ್‌ಗಳ ಹಾಗೆ. ಒಂದು ಜೋಡಿ ಒಡೀಲಿಕ್ಕೆ ಬೇಕಾದ ಶಕ್ತಿ 2 ಡೆಲ್ಟಾ. ಡೆಲ್ಟಾ ಸುಮಾರು 12 ಭಾಗಿಸು ತೂಕಸಂಖ್ಯೆಯ ವರ್ಗಮೂಲ, ಇಲ್ಲಿ 0.93 ಎಂಇವಿ. ಹಾಗಾಗಿ ಒಂದು ಜೋಡಿ ಒಡೆಯೋಕೆ 1.85 ಎಂಇವಿ ಹತ್ತಿರ. 2+ ಮಟ್ಟ ಬರೀ 0.08 ಎಂಇವಿಯಲ್ಲಿದೆ. ಅಷ್ಟು ಮೆಲ್ಲಗೆ ತಿರುಗುವಾಗ ಜೋಡಿಗಳು ಅಲ್ಲಾಡೋದೇ ಇಲ್ಲ, ತಿರುಗಾಟಕ್ಕೆ ಪೂರ್ತಿ ಕೈ ಜೋಡಿಸೋದೂ ಇಲ್ಲ. ಇಂಗ್ಲಿಸ್ ಅನ್ನೋ ವಿಜ್ಞಾನಿ 1954ರಲ್ಲಿ ಜೋಡಿ ಇಲ್ಲದೆ ಲೆಕ್ಕ ಹಾಕಿದಾಗ ಗಟ್ಟಿ ಗುಂಡಿನ ಬೆಲೆಯೇ ಬಂದಿತ್ತು. 1959ರಲ್ಲಿ ಬೆಲ್ಯಾಯೆವ್ ಜೋಡಿ ಸೇರಿಸಿದ ಮೇಲೆ ಅರ್ಧಕ್ಕೆ ಇಳೀತು.

ಕಾಳಿ_ಕಿನಾರೆ
ಅಬ್ಬ, ಇದನ್ನು ಹಾಗೇ ಹಾಕ್ತೇನೆ. ಇನ್ನು ಆ ಜಾರೋ ವಿಷಯ? 957.6 ಬದಲು 928.3.

ಗೇರುಹಣ್ಣು (ಹೊನ್ನಾವರ)
ಜೋರಾಗಿ ತಿರುಗಿದ್ರೆ ಉದ್ದಕ್ಕೆ ಎಳೀತದೆ, ಐ ಹೆಚ್ಚಾಗ್ತದೆ. ಕೇಂದ್ರಾಪಗಾಮಿ ಬಲ, ಅಷ್ಟೇ.

ಸಿಪ್ಪೆಗೋಟು
ಅಷ್ಟೇ ಅಲ್ಲ. ಗಟ್ಟಿಯಾಗಿ ವಿರೂಪಗೊಂಡ ನ್ಯೂಕ್ಲಿಯಸ್‌ಗಳಲ್ಲಿ ಎಳೆತ ಸಣ್ಣ ಪಾಲು. ದೊಡ್ಡ ಪಾಲು ಕೊರಿಯೊಲಿಸ್ ಬಲದ್ದು, ಅಂದ್ರೆ ತಿರುಗುವ ಕಾಯದೊಳಗೆ ಚಲಿಸೋ ಕಣವನ್ನು ಪಕ್ಕಕ್ಕೆ ತಳ್ಳೋ ಬಲ. ಅದು ಜೋಡಿಯ ಎರಡು ಕಣಗಳನ್ನು ಬೇರೆ ಬೇರೆ ದಿಕ್ಕಿಗೆ ಎಳೆದು ಜೋಡಿಯ ಬಿಗಿ ಸಡಿಲಿಸ್ತದೆ. ಬಿಗಿ ಸಡಿಲಾದಷ್ಟೂ ಐ ಗಟ್ಟಿ ಗುಂಡಿನ ಕಡೆಗೆ ಏರ್ತದೆ. ಮೊಟೆಲ್ಸನ್ ಮತ್ತು ವಲಾಟಿನ್ 1960ರಲ್ಲೇ ಹೇಳಿದ್ದು.

ಲೆಕ್ಕಕ್ಕೆ ಇನ್ನೊಂದು ಪದ ಸೇರಿಸಿ: ಎ × ಜೆ(ಜೆ+1) + ಬಿ × [ಜೆ(ಜೆ+1)]ರ ವರ್ಗ. 2+ ಕೊಡೋದು 6ಎ + 36ಬಿ = 79.804. 4+ ಕೊಡೋದು 20ಎ + 400ಬಿ = 264.09. ಬಿಡಿಸಿದ್ರೆ ಎ = 13.342, ಬಿ = ಮೈನಸ್ 0.0069. ಈಗ 6+ಗೆ 548.2 ಬರ್ತದೆ, ಅಳತೆ 548.7. 8+ಗೆ 925.0, ಅಳತೆ 928.3. ಈ ಸಲ ಲೆಕ್ಕವೇ ಕೆಳಗೆ ಹೋಗಿದೆ ನೋಡಿ, ಮೂರನೇ ಪದವೂ ಬೇಕು ಅಂತ ಅರ್ಥ. ಹುಡುಗರು ಎ, ಬಿ ಎರಡನ್ನೂ ಎರಡು ದಶಾಂಶಕ್ಕೆ ಕತ್ತರಿಸಿಬಿಡ್ತಾರೆ. ಬಿ ಆಗ ಮೈನಸ್ 0.01 ಆಗಿ 8+ 16 ಕೆಇವಿ ತಪ್ತದೆ. ಬಿಗೆ ನಾಲ್ಕು ದಶಾಂಶ ಕಮ್ಮಿ ಆಗ್ಲೇಬಾರದು.

ಗೇರುಹಣ್ಣು
ಒಪ್ಪಿದೆ. 1, 3, 5ರ ಪ್ರಶ್ನೆಗೆ ನಾನು ಉತ್ತರ ಕೊಡ್ತೇನೆ, ಅದು ನನ್ನ ಹೆಸರಿನದೇ ವಿಷಯ.

ಎರ್ಬಿಯಂ-168 ಎರಡೂ ತುದಿ ಒಂದೇ ಥರ ಇರೋ ಉದ್ದುರುಟು. ಅಡ್ಡ ಅಕ್ಷದ ಮೇಲೆ ಅರ್ಧ ಸುತ್ತು ತಿರುಗಿಸಿದ್ರೆ ಮೊದಲಿನದಕ್ಕೂ ಈಗಿನದಕ್ಕೂ ವ್ಯತ್ಯಾಸ ಇಲ್ಲ. ಬೆಸ ಜೆ ಇರೋ ತರಂಗಕ್ಕೆ ಅರ್ಧ ಸುತ್ತಿನಲ್ಲಿ ಚಿಹ್ನೆ ಬದಲಾಗ್ತದೆ. ವ್ಯತ್ಯಾಸವೇ ಇಲ್ಲದ ವಸ್ತುವಿಗೆ ಚಿಹ್ನೆ ಬದಲಾಗೋ ತರಂಗ ಸಲ್ಲೋದಿಲ್ಲ, ಹಾಗಾಗಿ 1, 3, 5 ಅಳಿಸಿ ಹೋಗ್ತವೆ. ಒಂದು ತುದಿ ದಪ್ಪ, ಇನ್ನೊಂದು ಸಪೂರ ಆದ್ರೆ, ಅಂದ್ರೆ ಗೇರುಹಣ್ಣಿನ ಆಕಾರ ಬಂದ್ರೆ, ಬೆಸ ಸಂಖ್ಯೆಗಳೂ ಕಾಣಿಸ್ಕೊಳ್ತವೆ. ಆದರೆ ಋಣ ಪ್ಯಾರಿಟಿಯಲ್ಲಿ: 1-, 3-, 5-. ರೇಡಿಯಂ-224ರಲ್ಲಿ 2+ 84 ಕೆಇವಿ, 1- 216 ಕೆಇವಿ. ಯುರೋಪಿನ ಸರ್ನ್ ಪ್ರಯೋಗಾಲಯದ ಐಸೋಲ್ಡ್ ಕೇಂದ್ರದಲ್ಲಿ ಆ ರೇಡಿಯಂ ಕಿರಣವನ್ನೇ ವೇಗವರ್ಧಿಸಿ ಗುರಿಗೆ ಹಾಯಿಸಿ, 2013ರಲ್ಲಿ ಆಕಾರ ಖಚಿತ ಮಾಡಿದ್ರು. ಇಂಗ್ಲಿಷಿನವರು ಪೇರ್ ಹಣ್ಣು ಅಂತಾರೆ. ನಮ್ಮ ಕರಾವಳಿಯಲ್ಲಿ ಯಾರ ಹಿತ್ತಿಲಲ್ಲಿ ಪೇರ್ ಇದೆ?

ದೇವಬಾಗ
ಬೀಜ ಹೊರಗೆ ನೇತಾಡೋ ಹಣ್ಣು ನ್ಯೂಕ್ಲಿಯಸ್‌ಗೆ ಉಪಮೆ. ಭಲೇ.

ಕೂರ್ಮಗಡ
ಬೆಸ ನ್ಯೂಕ್ಲಿಯಾನ್ ಇರೋ ನ್ಯೂಕ್ಲಿಯಸ್ ಬಿಟ್ಟುಹೋಯ್ತು. ಹ್ಯಾಫ್ನಿಯಂ-177 ತಗೊಳ್ಳಿ. ತಳದ ಮಟ್ಟ 7/2. ಅಲ್ಲಿ ಒಂಟಿ ನ್ಯೂಟ್ರಾನ್ ಅಕ್ಷಕ್ಕೆ ಅಂಟಿಕೊಂಡಿರೋದರಿಂದ ಒಂದೊಂದೇ ಮೆಟ್ಟಿಲು ಹತ್ತಬಹುದು: 7/2, 9/2, 11/2. 9/2 ಇರೋದು 113.0ಕ್ಕೆ, ಜೆ(ಜೆ+1) ವ್ಯತ್ಯಾಸ 9, ಹಾಗಾಗಿ ಎ = 12.55. 11/2ಕ್ಕೆ ವ್ಯತ್ಯಾಸ 20, ಲೆಕ್ಕ 251, ಅಳತೆ 249.7. ಕ್ಯಾನ್ಸರ್ ಚಿಕಿತ್ಸೆಗೆ ಕೊಡೋ ಲ್ಯುಟೀಶಿಯಂ-177 ಇದೇ ಹ್ಯಾಫ್ನಿಯಂ ಆಗಿ ಕ್ಷಯಿಸ್ತದೆ. ಸ್ಕ್ಯಾನ್‌ನಲ್ಲಿ ಬಳಸೋ 113 ಮತ್ತು 208 ಕೆಇವಿ ಗಾಮಾಗಳಲ್ಲಿ 113 ಅಂದ್ರೆ ಈ 9/2ರಿಂದ 7/2ಕ್ಕೆ ಇಳಿಯೋ ತಿರುಗಾಟದ ಗಾಮಾನೇ.

ಇಶಾಡ್
ಒಂದು ಅಡ್ಡ ಪ್ರಶ್ನೆ. ಯುರೇನಿಯಂ-238 ಕೂಡ ಉದ್ದುರುಟು ಅಂತಾರೆ. ಹಾಗಾದ್ರೆ ಕೈಗಾದ ನಾಲ್ಕು ರಿಯಾಕ್ಟರ್ ಒಳಗೆ ಇಂಧನದ ನ್ಯೂಕ್ಲಿಯಸ್‌ಗಳು ಬಿಸಿಗೆ ಗಿರಗಿರ ತಿರುಗ್ತಾ ಇರ್ತವಾ?

ಕೂರ್ಮಗಡ
ಇಲ್ಲ. ಯುರೇನಿಯಂ-238ರ 2+ ಇರೋದು 44.9 ಕೆಇವಿಗೆ, 4+ 148.4ಕ್ಕೆ. ಅನುಪಾತ 3.3, ತಿರುಗುವ ಕಾಯದ ಸೂತ್ರ ಹೇಳೋ 20/6ರ ಹತ್ತಿರ, ಹಾಗಾಗಿ ಉದ್ದುರುಟು ಅನ್ನೋದು ನಿಜ. ಆದರೆ ಕೋಣೆಯ ಬಿಸಿ ಅಂದ್ರೆ 0.025 ಎಲೆಕ್ಟ್ರಾನ್ ವೋಲ್ಟ್. 44.9 ಕೆಇವಿ ಅದರ 18 ಲಕ್ಷ ಪಟ್ಟು. ರಿಯಾಕ್ಟರ್ ಬಿಸಿ ಇದಕ್ಕೆ ಏನೇನೂ ಅಲ್ಲ, 52 ಕೋಟಿ ಕೆಲ್ವಿನ್ ಹತ್ತಿರ ಹೋಗಬೇಕು. ಬಿಸಿಗೆ ಅಲ್ಲಿ ಯಾವುದೂ ತಿರುಗೋದಿಲ್ಲ, ಎಲ್ಲ 0+ನಲ್ಲಿ ತಣ್ಣಗೆ ಕೂತಿರ್ತವೆ. ವೇಗದ ನ್ಯೂಟ್ರಾನ್ ಬಂದು ಗುದ್ದಿದ್ರೆ ಮಾತ್ರ 44.9ಕ್ಕೆ ಏರಿ ಇಳೀತವೆ. ನ್ಯೂಟ್ರಾನ್ ವೇಗ ಕಳ್ಕೊಳ್ಳೋ ಒಂದು ದಾರಿಯೂ ಅದು.

ಬೇಡ್ತಿ
ಒಂದು ಭಾಷೆಯ ತಕರಾರು. ಮೊಮೆಂಟ್ ಆಫ್ ಇನರ್ಷಿಯಾಗೆ ಕನ್ನಡ ಇಲ್ಲವಾ? ಜಡತ್ವ ಮಹತ್ವ ಅಂತ ಬರೀಬಹುದಲ್ಲ.

ಸಿಪ್ಪೆಗೋಟು
ಒಂದೊಂದು ಪುಸ್ತಕದಲ್ಲಿ ಒಂದೊಂದು ಪದ, ಹುಡುಗರಿಗೆ ಯಾವುದೂ ನಾಲಿಗೆಗೆ ಹತ್ತಿಲ್ಲ. ಐ ಅಂತ ಬರೆದ್ರೆ ಜಗಳ ಇಲ್ಲ. ಪದಗಳ ಮಾತು ಬಂತು ಅಂತ ಹೇಳ್ತೇನೆ, ಒಂದು ಸ್ಪಿನ್‌ಗೆ ಅತಿ ಕಡಿಮೆ ಶಕ್ತಿಯ ಮಟ್ಟವನ್ನು ಯ್ರಾಸ್ಟ್ ಅಂತಾರಲ್ಲ, ಅದು ಸ್ವೀಡಿಷ್. "ಎಲ್ಲರಿಗಿಂತ ಹೆಚ್ಚು ತಲೆ ತಿರುಗಿದ್ದು" ಅಂತ ಅರ್ಥ. ಅದಕ್ಕೆ ಬೇಕಾದ್ರೆ ಕನ್ನಡ ಹುಡುಕಿ.

ಕಾಳಿ_ಕಿನಾರೆ
ಒಬ್ಬ ಹುಡುಗ ಕೇಳಬಹುದಾದ ಪ್ರಶ್ನೆ: ಜೆ = 0 ಮಟ್ಟದ ಕ್ವಾಡ್ರುಪೋಲ್ ಮೊಮೆಂಟ್ (ವಿದ್ಯುದಾವೇಶದ ಹರಡಿಕೆ ಉರುಟಿನಿಂದ ಎಷ್ಟು ಬೇರೆ ಅನ್ನೋ ಅಳತೆ) ಅಳೆದ್ರೆ ಸೊನ್ನೆ. ಸೊನ್ನೆ ಇದ್ರೆ ಉರುಟು ಅಂತ ಅಲ್ಲವಾ? ಉದ್ದುರುಟು ಅಂತ ಹೇಗೆ ಸಾಧಿಸೋದು?

ಕೂರ್ಮಗಡ
ಸ್ಪಿನ್ ಸೊನ್ನೆ ಅಂದ್ರೆ ಅದರ ಅಕ್ಷ ಎಲ್ಲ ದಿಕ್ಕಿಗೂ ಸಮವಾಗಿ ಹರಡಿರ್ತದೆ. ಹೊರಗಿನಿಂದ ಸರಾಸರಿ ಉರುಟು, ಒಳಗೆ ಉದ್ದುರುಟು. ಒಳಗಿನ ಆಕಾರ ಎರಡು ದಾರಿಯಲ್ಲಿ ಸಿಗ್ತದೆ.

ಮೊದಲನೇದು 0+ನಿಂದ 2+ಗೆ ಏರುವ ಬಲ, ಬಿ(ಇ2) ಅಂತಾರೆ. ಅದು ಒಳಗಿನ ಕ್ವಾಡ್ರುಪೋಲ್‌ನ ವರ್ಗಕ್ಕೆ ಅನುಪಾತ. ವರ್ಗ ಆದ್ದರಿಂದ ಎಷ್ಟು ವಿರೂಪ ಅಂತ ಗೊತ್ತಾಗ್ತದೆ, ಉದ್ದುರುಟೋ ಚಪ್ಪಟೆಯೋ ಗೊತ್ತಾಗೋದಿಲ್ಲ. ಎರಡನೇದು 2+ ಮಟ್ಟದ ಕ್ವಾಡ್ರುಪೋಲನ್ನೇ ಕೂಲಂಬ್ ಪ್ರಚೋದನೆಯಿಂದ, ಅಂದ್ರೆ ಹತ್ತಿರ ಹಾಯೋ ನ್ಯೂಕ್ಲಿಯಸ್‌ನ ವಿದ್ಯುತ್ ಬಲದಿಂದಲೇ ಮೇಲಿನ ಮಟ್ಟಕ್ಕೆ ಏರಿಸಿ, ಅಳೆಯೋದು. ಚಿಹ್ನೆ ಸಿಗೋದು ಇಲ್ಲಿ. ಆದರೆ ಇಲ್ಲೊಂದು ಹೊಂಡ ಇದೆ: ಅಳೆದ ಬೆಲೆ = ಮೈನಸ್ 2/7 × ಒಳಗಿನ ಬೆಲೆ. ಉದ್ದುರುಟಿಗೆ ಒಳಗಿನದು ಧನ, ಅಳೆದದ್ದು ಋಣ! ಪಟ್ಟಿಯಲ್ಲಿ ಮೈನಸ್ ನೋಡಿ "ಚಪ್ಪಟೆ" ಅಂತ ಬರೆದುಬಿಡೋರು ಬಹಳ.

ಪ್ರಯೋಗದಲ್ಲಿ ಇನ್ನೊಂದು ಎಚ್ಚರ. ಗುರಿಯೂ ಬಾಣವೂ ಒಂದನ್ನೊಂದು ಮುಟ್ಟಬಾರದು. ಎರಡರ ಮೇಲ್ಮೈ ನಡುವೆ 5 ಫರ್ಮಿ ಆದ್ರೂ ಉಳಿಯೋ ಹಾಗೆ ಕಿರಣದ ಶಕ್ತಿ ಇಡಬೇಕು. ಅದಕ್ಕಿಂತ ಹತ್ತಿರ ಹೋದ್ರೆ ನ್ಯೂಕ್ಲಿಯರ್ ಬಲ ನುಗ್ಗಿ, ಬರೀ ವಿದ್ಯುತ್ ಬಲದ ಮೇಲೆ ಕಟ್ಟಿದ ಲೆಕ್ಕ ಹಾಳಾಗ್ತದೆ.

ಅಘನಾಶಿನಿ
ವಿರೂಪ ಅಂದ ಕೂಡಲೇ ರಗ್ಬಿ ಚೆಂಡಿನ ಚಿತ್ರ ಹಾಕ್ತಾರೆ. ಅಷ್ಟು ಉದ್ದ ಇಲ್ಲ. ಬೀಟಾ 0.33ಕ್ಕೆ ಉದ್ದದ ಅರೆ-ಅಕ್ಷ 8.0 ಫರ್ಮಿ, ಅಡ್ಡದ್ದು 5.9. ಅನುಪಾತ 1.35. ಕೋಳಿಮೊಟ್ಟೆಯದೂ ಹೆಚ್ಚುಕಡಿಮೆ ಅಷ್ಟೇ, ತುದಿಗಳು ಮಾತ್ರ ಬೇರೆ.

ಬೇಡ್ತಿ
ಮತ್ತೆ ಮೊಟ್ಟೆ! ಸಿಪ್ಪೆಗೋಟು ಅಡಿಕೆ ಅನ್ನಿ.

ಅಘನಾಶಿನಿ
ಆತು, ಅಡಿಕೆ. ಬ್ಯಾಕ್‌ಬೆಂಡಿಂಗ್ (ತಿರುಗಾಟದ ನಕ್ಷೆಯ ಗೆರೆ ಹಿಂದಕ್ಕೆ ಬಾಗೋದು) ಬಗ್ಗೆ ಯಾರೂ ಬರೀಲಿಲ್ಲ. ಜೋಡಿ ಒಡೆಯೋ ಕಥೆ ಅಲ್ಲೇ ಕಣ್ಣಿಗೆ ಕಾಣೋದು. ಎರ್ಬಿಯಂ-158ರ ಗಾಮಾಗಳನ್ನು ಕೆಳಗಿನಿಂದ ಮೇಲಕ್ಕೆ ಬರೀತೇನೆ: 192, 335, 443, 523, 579, 608, 510, 473, 566. ಮೊದಲ ಆರು ಏರ್ತಾ ಹೋಗ್ತವೆ, ಸೂತ್ರ ಹೇಳೋದೂ ಅದನ್ನೇ. ಆಮೇಲೆ 14ರಿಂದ 12ಕ್ಕೆ ಇಳಿಯೋ ಗಾಮಾ 510! ಸ್ಪಿನ್ ಏರಿದೆ, ತಿರುಗೋ ವೇಗ ಇಳಿದಿದೆ.

ದೇವಬಾಗ
ಯಕ್ಷಗಾನದಲ್ಲಿ ಗಿರಕಿ ಹೊಡೆಯುವಾಗ ಕೈ ಚಾಚಿದ್ರೆ ವೇಗ ಇಳೀತದಲ್ಲ, ಹಾಗೆ.

ಅಘನಾಶಿನಿ
ಹಾಗಲ್ಲ. ವೇಷಧಾರಿ ಕೈ ಚಾಚಿದಾಗ ಕೋನೀಯ ಸಂವೇಗ ಇದ್ದಷ್ಟೇ ಇರ್ತದೆ. ಇಲ್ಲಿ ಸಂವೇಗ ಎರಡೆರಡು ಹೆಚ್ಚುತ್ತಾ ಇರುವಾಗಲೇ ವೇಗ ಇಳಿಯೋದು. ಬಸ್ಸಿನ ಗೇರು ಸರಿಯಾದ ಹೋಲಿಕೆ. ದೇವಿಮನೆ ಘಟ್ಟ ಇಳಿದು ಕತಗಾಲದ ಹತ್ತಿರ ಡ್ರೈವರ್ ಮೇಲಿನ ಗೇರಿಗೆ ಹಾಕ್ತಾನೆ. ಬಸ್ಸಿನ ಓಟ ಹೆಚ್ಚುತ್ತಾ ಇರ್ತದೆ, ಇಂಜಿನ್ ಸದ್ದು ಮಾತ್ರ ಇಳೀತದೆ.

ಸಿಪ್ಪೆಗೋಟು
ಗೇರು ಚೆನ್ನಾಗಿದೆ. ಇಲ್ಲಿ ಗೇರು ಅಂದ್ರೆ ಐ-13/2 ಕಕ್ಷೆಯ (ಇಲ್ಲಿ ಐ ಅನ್ನೋದು ಕಕ್ಷೆಯ ಹೆಸರು, ಇನರ್ಷಿಯಾ ಅಲ್ಲ) ಒಂದು ಜೋಡಿ ನ್ಯೂಟ್ರಾನ್. ಕಕ್ಷೆಯ ಸ್ಪಿನ್ ದೊಡ್ಡದು, ಕೊರಿಯೊಲಿಸ್ ಬಲ ಅದರ ಮೇಲೆ ಜಾಸ್ತಿ. ಒಂದು ಹಂತದಲ್ಲಿ ಜೋಡಿ ಒಡೆದು ಎರಡೂ ತಿರುಗಾಟದ ಅಕ್ಷದ ಕಡೆಗೆ ಮುಖ ಮಾಡ್ತವೆ. 13/2 + 11/2 = 12, ಗರಿಷ್ಠ ಅಷ್ಟು ಸಂವೇಗ ಎರಡೇ ಕಣ ಕೊಡಬಲ್ಲವು. ಮತ್ತೆ ಇಡೀ ನ್ಯೂಕ್ಲಿಯಸ್ ಅಷ್ಟು ಜೋರಾಗಿ ತಿರುಗೋ ಅಗತ್ಯ ಏನಿದೆ? 13/2 + 13/2 = 13 ಅಂತ ಬರೀಬೇಡಿ, ಒಂದೇ ಕಕ್ಷೆಯ ಎರಡು ನ್ಯೂಟ್ರಾನ್‌ಗೆ ಪೌಲಿ ಬಿಡೋದಿಲ್ಲ.

ನಕ್ಷೆ ಹಾಕೋ ಕ್ರಮ: ಅಡ್ಡಕ್ಕೆ ಗಾಮಾ ಶಕ್ತಿಯ ಅರ್ಧ, ಅದೇ ಹೆಚ್-ಬಾರ್ ಒಮೆಗಾ. ಲಂಬಕ್ಕೆ (2ಜೆ-1) ಭಾಗಿಸು ಗಾಮಾ ಶಕ್ತಿ (ಎಂಇವಿಯಲ್ಲಿ). ಜೆ ಅಂದ್ರೆ ಮೇಲಿನ ಮಟ್ಟದ ಸ್ಪಿನ್. ಜೆ 12ಕ್ಕೆ ಅಡ್ಡ 0.304, ಲಂಬ 37.8. 14ಕ್ಕೆ 0.255, 52.9. 16ಕ್ಕೆ 0.237, 65.5. ಗೆರೆ ಮೇಲೇರ್ತಾ ಹಿಂದಕ್ಕೆ ಬಾಗ್ತದೆ, ಅದಕ್ಕೇ ಆ ಹೆಸರು. ಕೆಳಗಿನ ಮಟ್ಟದ ಸ್ಪಿನ್ ಹಾಕಿಬಿಟ್ರೆ ಬಾಗು ಉಳೀತದೆ, ಐ ಬೆಲೆ ಎಲ್ಲ ಸುಳ್ಳಾಗ್ತದೆ. 1971ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮೊದಲು ಕಂಡದ್ದು, 1972ರಲ್ಲಿ ಸ್ಟೀಫನ್ಸ್ ಮತ್ತು ಸೈಮನ್ ಈ ವಿವರಣೆ ಕೊಟ್ರು. ಇದೇ ಎರ್ಬಿಯಂ-158 ಸ್ಪಿನ್ 28ರ ಹತ್ತಿರ ಇನ್ನೊಂದು ಸಲ ಬಾಗ್ತದೆ, ಆಗ ಎಚ್-11/2 ಕಕ್ಷೆಯ ಪ್ರೋಟಾನ್ ಜೋಡಿಯ ಸರದಿ. 46ಕ್ಕೆ ಬಂದಾಗ ಹೊರಗಿನ ಕಣಗಳೆಲ್ಲ ಅಕ್ಷಕ್ಕೆ ಸಾಲಾಗಿ, ಆಕಾರ ಚಪ್ಪಟೆಯಾಗಿ, ಸಾಮೂಹಿಕ ತಿರುಗಾಟ ಮುಗಿದೇ ಹೋಗ್ತದೆ.

ಗೇರುಹಣ್ಣು
ಉದ್ದದಲ್ಲಿ ದಾಖಲೆ ಡಿಸ್ಪ್ರೋಸಿಯಂ-152ರದ್ದು ತಾನೆ?

ಕೂರ್ಮಗಡ
ದಾಖಲೆ ಅನ್ನೋ ಹಾಗಿಲ್ಲ, ಆಕ್ಟಿನೈಡ್‌ಗಳ (ಯುರೇನಿಯಂ, ಪ್ಲುಟೋನಿಯಂ ಸಾಲಿನವು) ವಿದಳನ ಐಸೋಮರ್‌ಗಳೂ, ಅಂದ್ರೆ ಒಡೆಯೋ ಮೊದಲು ಉದ್ದಕ್ಕೆ ಎಳೆದ ಆಕಾರದಲ್ಲೇ ತುಸು ಹೊತ್ತು ನಿಲ್ಲೋ ಸ್ಥಿತಿಗಳೂ, ಅಷ್ಟೇ ಉದ್ದ, ಅವು 1962ರಲ್ಲೇ ದುಬ್ನಾದಲ್ಲಿ ಸಿಕ್ಕಿದ್ದವು. ಪ್ಲುಟೋನಿಯಂ-240ರ ತಳದ ಪಟ್ಟಿಯಲ್ಲಿ ಎ = 7.1, ಐಸೋಮರ್‌ನಲ್ಲಿ 3.3. ಆದರೆ ಜೋರಾಗಿ ತಿರುಗೋ ಅತಿವಿರೂಪ ಪಟ್ಟಿ ಮೊದಲು ಕಂಡದ್ದು ಡಿಸ್ಪ್ರೋಸಿಯಂ-152ರಲ್ಲಿ, 1986, ಇಂಗ್ಲೆಂಡಿನ ಡೇರ್ಸ್‌ಬರಿ. ಪೆಲೇಡಿಯಂ-108ರ ಗುರಿಗೆ ಕ್ಯಾಲ್ಸಿಯಂ-48 ಕಿರಣ 205 ಎಂಇವಿಯಲ್ಲಿ. ಕೂಡಿಕೊಂಡದ್ದು ನಾಲ್ಕು ನ್ಯೂಟ್ರಾನ್ ಉದುರಿಸಿ 152 ಆಗ್ತದೆ. 602ರಿಂದ 1449 ಕೆಇವಿ ತನಕ 19 ಗಾಮಾ, ಒಂದಕ್ಕೊಂದು 47 ಕೆಇವಿ ಅಂತರ, ಬಾಚಣಿಗೆ ಹಲ್ಲಿನ ಹಾಗೆ. 4 ಭಾಗಿಸು 0.047 ಅಂದ್ರೆ ಐ 85, ಗಟ್ಟಿ ಕಾಯದ ಹತ್ತಿರ. ಮೇಲಿನ ಎರ್ಬಿಯಂ-168ರ ಎ 13.3 ಅಂದ್ರೆ ಇದೇ ಮಾನದಲ್ಲಿ ಐ 38. ಮೇಲ್ತುದಿಯಲ್ಲಿ ಸೆಕೆಂಡಿಗೆ 1.7 ಅಂತ ಬರೆದು 10ರ 20ನೇ ಘಾತ ಹಾಕಿದಷ್ಟು ಸುತ್ತು.

ನಮ್ಮಲ್ಲಿ ಈ ಕೆಲಸ ಮಾಡೋ ಸಾಧನ ಇಂಗಾ, ಇಂಡಿಯನ್ ನ್ಯಾಷನಲ್ ಗಾಮಾ ಅರೇ. ಮುಂಬೈ ಟಿಐಎಫ್ಆರ್, ದೆಹಲಿ ಐಯುಎಸಿ, ಕೋಲ್ಕತ್ತ ವಿಇಸಿಸಿ ಈ ಮೂರೂ ವೇಗವರ್ಧಕ ಕೇಂದ್ರಗಳಲ್ಲಿ ಸರದಿ ಮೇಲೆ ನಿಂತದ್ದು, ಗರಿಷ್ಠ 24 ಕ್ಲೋವರ್ ಡಿಟೆಕ್ಟರ್. ಕ್ಲೋವರ್ ಅಂದ್ರೆ ನಾಲ್ಕು ಜರ್ಮೇನಿಯಂ ಹರಳು ಒಂದೇ ಡಬ್ಬಿಯಲ್ಲಿ. ಯಾಕೆ ನಾಲ್ಕು? ಸಿಡಿದು ಹಾರೋ ನ್ಯೂಕ್ಲಿಯಸ್ ಬೆಳಕಿನ ವೇಗದ ನೂರಕ್ಕೆ 2ರಲ್ಲಿ ಇರ್ತದೆ. 90 ಡಿಗ್ರಿಯಲ್ಲಿಟ್ಟ ಡಿಟೆಕ್ಟರಿಗೆ ಡಾಪ್ಲರ್ ಸರಿಕೆ ಸೊನ್ನೆ, ಆದರೆ ಡಬ್ಬಿಯ ಅಗಲಕ್ಕೆ ತಕ್ಕ ಹಾಗೆ ಶಿಖರ ಹರಡಿಕೊಳ್ಳೋದು ಅಲ್ಲೇ ಜಾಸ್ತಿ. ಡಬ್ಬಿ 0.4 ರೇಡಿಯನ್ ಅಗಲ ಕಂಡ್ರೆ 1000 ಕೆಇವಿ ಗಾಮಾ 8 ಕೆಇವಿ ಹರಡ್ತದೆ. ಯಾವ ಹರಳಿಗೆ ಬಡೀತು ಅಂತ ಗೊತ್ತಾದ್ರೆ ಅದು ಅರ್ಧಕ್ಕಿಳೀತದೆ. ಜರ್ಮೇನಿಯಂನ ಸ್ವಂತ ಅಗಲ 2 ಕೆಇವಿ ಮಾತ್ರ, ಹಾಗಾಗಿ ಈ ಅರ್ಧವೂ ದೊಡ್ಡ ಲಾಭ.

ಕಾಳಿ_ಕಿನಾರೆ
ಮತ್ಸ್ಯಗಂಧ ರೈಲು ಹತ್ತಿಸಿ ಎಲ್ಲರನ್ನೂ ಮುಂಬೈಗೆ ಕರ್ಕೊಂಡು ಹೋಗೋಕೆ ಆಗೋದಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲೇ ಇದರಲ್ಲಿ ಏನಾದ್ರೂ ತೋರಿಸಬಹುದಾ?

ಕೂರ್ಮಗಡ
ಶಕ್ತಿ ಕ್ಯಾಲಿಬ್ರೇಶನ್‌ಗೆ ಯುರೋಪಿಯಂ-152 ವಿಕಿರಣ ಮೂಲ ಇದೆಯಾ? ಇದ್ರೆ ಎರಡು ಆಕಾರ ಆ ಒಂದೇ ಮೂಲದಲ್ಲಿ ಇವೆ. ಅದನ್ನು ಬರೀ ಗೆರೆ ಹೊಂದಿಸೋಕೆ ಬಳಸಿ ಪೆಟ್ಟಿಗೆಗೆ ಹಾಕೋದು ನನಗೆ ಸಂಕಟ.

ನೂರಕ್ಕೆ 72 ಸಲ ಅದು ಸಮೇರಿಯಂ-152 ಆಗ್ತದೆ, 28 ಸಲ ಗ್ಯಾಡೊಲಿನಿಯಂ-152. ಸಮೇರಿಯಂನ 2+ನಿಂದ 0+ಗೆ 121.8, 4+ನಿಂದ 2+ಗೆ 244.7. ಕೂಡಿಸಿದ್ರೆ 4+ ಇರೋದು 366.5ಕ್ಕೆ, ಅನುಪಾತ 3.01. ತಿರುಗುವ ಕಾಯಕ್ಕೆ 20/6 ಅಂದ್ರೆ 3.33 ಆಗಬೇಕು, ಹತ್ತಿರ ಬಂದಿದೆ. ಗ್ಯಾಡೊಲಿನಿಯಂನಲ್ಲಿ 344.3 ಮತ್ತು 411.1, 4+ 755.4ಕ್ಕೆ, ಅನುಪಾತ 2.19. ಉರುಟಾಗಿದ್ದು ಬರೀ ಕಂಪಿಸೋದಕ್ಕೆ 2 ಆಗಬೇಕು. ಎರಡಕ್ಕೂ ತೂಕಸಂಖ್ಯೆ 152. ಸಮೇರಿಯಂನಲ್ಲಿ ನ್ಯೂಟ್ರಾನ್ 90, ಗ್ಯಾಡೊಲಿನಿಯಂನಲ್ಲಿ 88. ಎರಡೇ ನ್ಯೂಟ್ರಾನ್ ದಾಟೋದರೊಳಗೆ ಉರುಟು ಹೋಗಿ ಉದ್ದುರುಟು.

ಸಿಪ್ಪೆಗೋಟು
ಹಿನ್ನೆಲೆ ವಿಕಿರಣದ ಸ್ಪೆಕ್ಟ್ರಮ್ ರಾತ್ರಿಯಿಡೀ ತೆಗೆದ್ರೆ ಬಲ ತುದಿಯಲ್ಲಿ 2614 ಕೂಡ ಸಿಗ್ತದೆ. ಅದು ಸೀಸ-208ರದು, ಪಕ್ಕಾ ಉರುಟು. ಅದರ ಮೊದಲ ಉದ್ರೇಕ ಮಟ್ಟ 2+ ಅಲ್ಲವೇ ಅಲ್ಲ, 3-. 2+ ಸಿಗೋಕೆ 4 ಎಂಇವಿ ದಾಟಬೇಕು. ಮೂರು ಆಕಾರ ಆಯ್ತು.

ಕಾಳಿ_ಕಿನಾರೆ
ಮೂಲ ಇದೆ! ಡಿಟೆಕ್ಟರ್ ಮಾತ್ರ 2 ಇಂಚಿನ ಸೋಡಿಯಂ ಅಯೊಡೈಡ್, ಎರಡು ಇವೆ. ಜರ್ಮೇನಿಯಂ ಇಲ್ಲ.

ಕೂರ್ಮಗಡ
121.8, 344.3 ಚೆನ್ನಾಗಿ ಬರ್ತವೆ. 244.7 ಹಿಂಚದುರಿದ ಗಾಮಾಗಳ ಗುಡ್ಡದ ಹೆಗಲ ಮೇಲೆ ಕೂರ್ತದೆ, ಕೆಳಗಿನ ಇಳಿಜಾರು ಕಳೆಯದೆ ಕೇಂದ್ರ ಓದಿದ್ರೆ ತಪ್ತದೆ. ತೊಂದರೆ 411ರದು. ಪಕ್ಕದಲ್ಲೇ 444 ಇದೆ, ಅದಕ್ಕಿಂತ ತುಸು ಬಲವಾದದ್ದು. 662ರಲ್ಲಿ ನೂರಕ್ಕೆ 7 ಅಗಲ ಇದ್ರೆ 411ರಲ್ಲಿ ಅಗಲ 36 ಕೆಇವಿ, ಅಂತರ 33. ಎರಡೂ ಸೇರಿ ಒಂದೇ ಗುಪ್ಪೆ.

ದಾರಿ: 444 ಸಮೇರಿಯಂನದು, 344 ಗ್ಯಾಡೊಲಿನಿಯಂನದು. ಎರಡು ಡಿಟೆಕ್ಟರ್ ಇರೋದರಿಂದ ಒಂದರಲ್ಲಿ 344ಕ್ಕೆ ಗೇಟು (ಆ ಶಕ್ತಿಯ ಗಾಮಾ ಮಾತ್ರ ಆರಿಸೋ ಕಿಟಕಿ) ಇಟ್ಟು, ಅದು ಬಂದಾಗ ಮಾತ್ರ ಇನ್ನೊಂದರ ಸ್ಪೆಕ್ಟ್ರಮ್ ಬರೆಯಿರಿ. 411 ನಿಲ್ತದೆ, 779 ಕೂಡ ಬರ್ತದೆ, 444 ಕುಸೀತದೆ. ಪೂರ್ತಿ ಹೋಗೋದಿಲ್ಲ, ಗೇಟಿನೊಳಗೆ ಬೇರೆ ಗಾಮಾಗಳ ಕಾಂಪ್ಟನ್ (ಶಕ್ತಿಯ ಒಂದು ಪಾಲು ಮಾತ್ರ ಬಿಟ್ಟು ಚದುರಿ ಹೋದವುಗಳ ಎಣಿಕೆ) ಇರ್ತದೆ. ಅಷ್ಟೇ ಅಗಲದ ಇನ್ನೊಂದು ಗೇಟು 520ರ ಆಸುಪಾಸು ಇಟ್ಟು ತೆಗೆದು, ಎಣಿಕೆಗೆ ಹೊಂದಿಸಿ ಕಳೆಯಿರಿ. 1 ಮೈಕ್ರೋಕ್ಯೂರಿ ಮೂಲ, ಎರಡೂ 5 ಸೆಂ.ಮೀ. ದೂರ ಇದ್ರೆ 411ರಲ್ಲಿ ಗಂಟೆಗೆ ಸಾವಿರದಿಂದ ಎರಡು ಸಾವಿರ ಎಣಿಕೆ ಅಂತ ಅಂದಾಜು. ಎರಡು ಮೂರು ಗಂಟೆ ಸಾಕು.

ಸಿಪ್ಪೆಗೋಟು
ಒಂದು ಸೇರಿಸ್ತೇನೆ. ಒಂಟಿ ಡಿಟೆಕ್ಟರಲ್ಲಿ ಮೂಲವನ್ನು ಮುಖಕ್ಕೇ ಅಂಟಿಸಿಟ್ರೆ 121.8 ಮತ್ತು 244.7 ಒಟ್ಟಿಗೆ ಬಡಿದು 366.5ರಲ್ಲಿ ಸುಳ್ಳು ಶಿಖರ ಏಳ್ತದೆ. ಅದನ್ನು 4+ನಿಂದ ನೇರ 0+ಗೆ ಹಾರಿದ ಗಾಮಾ ಅಂತ ಬರೆಯೋರಿದ್ದಾರೆ. ಗ್ಯಾಡೊಲಿನಿಯಂನ ನಿಜವಾದ 367.8 ಕೂಡ ಅಲ್ಲೇ ಇರೋದರಿಂದ ಗೊಂದಲ ಇನ್ನೂ ಜಾಸ್ತಿ. 20 ಸೆಂ.ಮೀ.ಗೆ ಸರಿಸಿ ಮತ್ತೊಮ್ಮೆ ತೆಗೀರಿ. ಕೂಡುಶಿಖರ ಆದ್ರೆ ಉಳಿದವಕ್ಕಿಂತ ಬೇಗ ಕುಗ್ತದೆ.

ಅಘನಾಶಿನಿ
ಎರಡು ಡಿಟೆಕ್ಟರನ್ನು ಎದುರುಬದುರು ಇಡಬೇಡಿ. ಒಂದರಲ್ಲಿ ಹಿಂಚದುರಿದ್ದು ನೇರ ಇನ್ನೊಂದಕ್ಕೆ ಹೋಗಿ ಸುಳ್ಳು ಜೋಡಿ ಕೊಡ್ತದೆ. 90 ಡಿಗ್ರಿಗೆ ಇಟ್ಟು, ಮೂಲದ ದಾರಿ ಮುಚ್ಚದ ಹಾಗೆ ಮಧ್ಯೆ ಸೀಸದ ತುಂಡು.

ಕಾಳಿ_ಕಿನಾರೆ
ಸೀಸದ ಇಟ್ಟಿಗೆ ಎರಡಿವೆ, ಒಂದನ್ನು ಬಾಗಿಲು ಬಡೀಬಾರದು ಅಂತ ಅಡ್ಡ ಇಟ್ಟಿದ್ದಾರೆ. ಸೋಮವಾರ ಬಾಗಿಲಿಗೆ ಕಲ್ಲು ಇಟ್ಟು ಅದನ್ನು ಎತ್ಕೊಳ್ತೇನೆ.

ದೇವಬಾಗ
411 ಬಂದ್ರೆ ಸ್ಪೆಕ್ಟ್ರಮ್ ಇಲ್ಲೇ ಹಾಕಿ. 2ರ ಲೆಕ್ಕದಲ್ಲಿ ಹೋದ ನನ್ನ ಮರ್ಯಾದೆ 2.19ರಲ್ಲಾದ್ರೂ ಬರಲಿ.